ಭಾವನ ಹಲ್ಲಿನ ಟೆಸ್ಟು

ಕೋಡ್ ಬರೆಯುವ ಮೊದಲೇ ಅದು ಸರಿಯಾದ ಉತ್ತರ ಕೊಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಟೆಸ್ಟ್ ಬರೆಯಿರಿ, ಅದು ಫೇಲ್ ಆಗಿ ಪರದೆ ಕೆಂಪಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಕೋಡ್ ಬರೆದು ಹಸಿರು ಮಾಡಿ ಎಂದು ಸಾಫ್ಟ್‌ವೇರ್ ತಂಡಗಳಿಗೆ ಹೇಳಿಕೊಡುವುದು ನನ್ನ ಕೆಲಸ. ಎಂತೆಂಥ ಮೊಂಡರ ಜೊತೆ ಏಗಿದ್ದೇನೆ. ಈ ಸಲ ಗಂಟುಬಿದ್ದದ್ದು ಅಕ್ಕನ ಗಂಡನ ತಂಡ.

ಆಫೀಸಿನಲ್ಲಿ ಭಾವನಿಗೆ ‘ಆಗುತ್ತೆ ಬಿಡಿ’ ಎಂದೇ ಅಡ್ಡಹೆಸರು. ಏನು ಕೇಳಿದರೂ ಅದೊಂದೇ ಉತ್ತರ. ಹಲ್ಲಿನ ಕ್ಲಿನಿಕ್ ಒಂದರ ರೋಗಿಗಳಿಗೆ ಅವರು ಬರಬೇಕಾದ ದಿನದ ಹಿಂದಿನ ದಿನವೇ ನೆನಪಿನ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಅವರದು. ನಾನು ಹೋಗುವಷ್ಟರಲ್ಲಿ ಟೆಸ್ಟುಗಳೆಲ್ಲ ಹಸಿರು, ಸಾಫ್ಟ್‌ವೇರ್ ಆಗಲೇ ಕ್ಲಿನಿಕ್ ಸೇರಿತ್ತು. ಭಾವ ಮೀಸೆ ತಿರುವುತ್ತಾ ಕೂತಿದ್ದರು.

ಅನುಮಾನ ಬಂದು ಒಂದು ಟೆಸ್ಟ್ ತೆಗೆದು ನೋಡಿದೆ. ಮಂಗಳವಾರ ಹಲ್ಲು ತೋರಿಸಬೇಕಾದವರಿಗೆ ಬುಧವಾರ ಮೆಸೇಜ್ ಹೋಗಬೇಕು ಎಂದಿತ್ತು.

“ಭಾವ, ಇದೇನಿದು?”

“ಕೋಡ್ ಓಡಿಸಿದ್ವಿ, ಬುಧವಾರ ಅಂತ ಬಂತು. ಅದನ್ನೇ ಸರಿ ಉತ್ತರ ಅಂತ ಟೆಸ್ಟಲ್ಲಿ ಹಾಕಿದ್ವಿ. ಹಸಿರಾಯ್ತಲ್ಲ!”

“ಟೆಸ್ಟ್ ಮೊದಲು ಬರೀಬೇಕಿತ್ತು.”

“ಯಾವುದು ಮೊದಲಾದ್ರೇನಮ್ಮ, ಆಗುತ್ತೆ ಬಿಡು.”

ಮೈಯೆಲ್ಲ ಉರಿದುಹೋಯಿತು. ಅಕ್ಕನಿಗೆ ಫೋನ್ ಮಾಡಿ ದೂರು ಹೇಳಿದೆ.

“ಮನೇಲೂ ಇಷ್ಟೇ ಕಣೇ,” ಎಂದಳು. “ಪಾತ್ರೆ ತೊಳ್ದು ಬೋರಲು ಹಾಕ್ತಾರೆ. ಒಳಗೆ ಜಿಡ್ಡು ಹಾಗೇ ಇರುತ್ತೆ.”

ಫೋನ್ ಇಡುವಷ್ಟರಲ್ಲಿ ಕ್ಲಿನಿಕ್ಕಿನ ಡಾಕ್ಟರಮ್ಮ ಕೆಂಡಾಮಂಡಲವಾಗಿ ಒಳಗೆ ಬಂದರು. “ನಿನ್ನೆ ಬರಬೇಕಾದವರೆಲ್ಲ ಇವತ್ತು ಬಂದು ಬಾಗಿಲಲ್ಲಿ ಜಗಳ ಆಡ್ತಿದಾರೆ!” ಎಂದವರು ಭಾವನ ಊದಿದ ಕೆನ್ನೆ ನೋಡಿ ನಿಂತರು. “ಶುಕ್ರವಾರ ಬನ್ನಿ, ಆ ದವಡೆ ಹಲ್ಲು ಕೀಳ್ತೀನಿ. ಗುರುವಾರ ನಿಮ್ಮ ಮೆಸೇಜು ನಿಮಗೇ ಬರಬೇಕು. ಬರಲಿಲ್ಲ ಅಂದ್ರೆ ಈ ಕೆಲಸ ಬೇರೆಯವರಿಗೆ.”

ಆ ಕ್ಲಿನಿಕ್ ಬಿಟ್ಟರೆ ತಂಡಕ್ಕೆ ಬೇರೆ ಗಿರಾಕಿ ಇರಲಿಲ್ಲ. ಹಲ್ಲು ಕೀಳುವ ಇಕ್ಕಳ ಕಂಡರೆ ಭಾವ ಮಾರು ದೂರ ಓಡುತ್ತಾರೆ. ಅಕ್ಕನಿಂದಲೂ ನೋವು ಮುಚ್ಚಿಟ್ಟಿದ್ದರಂತೆ.

ಪಕ್ಕದಲ್ಲಿ ಕೂತೆ. “ಕೋಡ್ ಮುಟ್ಟಬೇಡಿ. ಏನಾಗಬೇಕು ಅನ್ನೋದನ್ನ ಮೊದಲು ಬರೀರಿ.”

“ನನಗಾ? ಮೆಸೇಜೇ ಬರಬಾರದು.”

“ಇವರಿಗೆ?”

ಭಾವ ತಲೆಯೆತ್ತಿ ತಂಡದವರ ಬಾಡಿದ ಮುಖಗಳನ್ನು ನೋಡಿದರು. ಆಮೇಲೆ ಟೈಪ್ ಮಾಡಿದರು: ಹಲ್ಲು ಶುಕ್ರವಾರ, ಮೆಸೇಜ್ ಗುರುವಾರ. ಓಡಿಸಿದರೆ ಪರದೆಯೆಲ್ಲ ಕೆಂಪು.

“ಅಯ್ಯೋ, ಫೇಲ್!”

“ಆಗಲೇಬೇಕಿತ್ತು ಭಾವ. ಇನ್ನು ಕೋಡ್ ತೆಗೀರಿ.”

ಒಂದು ದಿನ ಕಳೆಯಬೇಕಾದ ಕಡೆ ಒಂದು ದಿನ ಕೂಡಿಸಿದ್ದರು, ಅಷ್ಟೇ. ತಿದ್ದಿದ ಮೇಲೆ ಹಸಿರಾಯಿತು. ತನ್ನ ಹಲ್ಲಿಗೆ ತಾನೇ ಮುಹೂರ್ತ ಇಟ್ಟುಕೊಂಡ ಮನುಷ್ಯನ ಮೇಲೆ ನನಗೆ ಆವತ್ತು ನಿಜವಾಗಿ ಅಕ್ಕರೆ ಬಂತು.

ಗುರುವಾರ ಎಲ್ಲರೂ ಭಾವನ ಫೋನ್ ಸುತ್ತ ಮುಗಿಬಿದ್ದಿದ್ದರು. ಟಿಂಗ್ ಎಂದಿತು. ಆಫೀಸು ಹಾರಿಹೋಗುವಂತೆ ಚಪ್ಪಾಳೆ. ಭಾವ ಮಾತ್ರ ಕೆನ್ನೆ ಹಿಡಿದುಕೊಂಡು ನನ್ನನ್ನು ಮೂಲೆಗೆ ಕರೆದರು.

“ಮೆಸೇಜ್ ಬಂತಲ್ಲ, ಇನ್ನು ಹೋಗಲೇಬೇಕಾ?”

“ಹೋಗಿ ಭಾವ. ಆಗುತ್ತೆ ಬಿಡಿ.”

ಭಾವ ಸಿಡುಕಿದರು. “ಆಗುತ್ತೆ ಬಿಡಿ ಅಂದ್ರೆ ಹೇಗಮ್ಮ? ಯಾವ ಹಲ್ಲು ಅಂತ ಆ ಡಾಕ್ಟರು ಮೊದಲೇ ಟೆಸ್ಟ್ ಮಾಡ್ತಾರೋ, ಇಲ್ಲ ಕಿತ್ತ ಮೇಲೆ ನೋಡ್ತಾರೋ?”