ಅಸಲಿ ಸಾಮಾನು

ಮೇಷ್ಟ್ರು ಭೂತಗನ್ನಡಿಯನ್ನು ಚೀಲದ ಅಂಚಿನಿಂದ ಮೇಲೆತ್ತಿ, "ಇದು ಮಿಷಿನ್ ಹೊಲಿಗೆ" ಎಂದಾಗ ಜೀನಕ್ಕ ನಕ್ಕುಬಿಟ್ಟಳು. ತಮಾಷೆ ಇರಬೇಕು ಎಂದುಕೊಂಡಳು. ಮೂವತ್ತು ವರ್ಷದಿಂದ ಕುದುರೆಗಳ ಜೀನು, ಲಗಾಮು, ಹೊಟ್ಟೆಪಟ್ಟಿ ಹೊಲಿದುಕೊಂಡು ಬಂದವಳು ಅವಳು. ಊರಿನವರು ಅವಳ ಸ್ವಂತ ಹೆಸರು ಮರೆತು ಜೀನಕ್ಕ ಎಂದು ಕರೆಯುತ್ತಿದ್ದುದೇ ಅದಕ್ಕೆ.

"ನಗೋ ವಿಷಯ ಅಲ್ಲ ಇದು," ಎಂದರು ಮೇಷ್ಟ್ರು. "ನೋಡಿ, ಒಂದು ಹೊಲಿಗೆಗೂ ಇನ್ನೊಂದು ಹೊಲಿಗೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಕೈಯಲ್ಲಿ ಹೊಲಿದ್ರೆ ಇಷ್ಟು ನೇರ ಬರೋದೇ ಇಲ್ಲ."

"ಬರುತ್ತೆ ಮೇಷ್ಟ್ರೇ. ಬರೋ ಹಾಗೆ ಹೊಲಿದ್ರೆ ಬರುತ್ತೆ."

ಮೇಷ್ಟ್ರು ಆಗಲೇ ಅರ್ಜಿಯ ಎರಡನೇ ಪುಟದಲ್ಲಿ 'ತಿರಸ್ಕೃತ' ಎಂದು ಬರೆಯುತ್ತಿದ್ದರು.

ನೂರೈವತ್ತು ವರ್ಷಗಳ ಹಿಂದೆ, ಬೆಟ್ಟಗಳ ನಡುವೆ ಇನ್ನೂ ರಸ್ತೆ ಇಲ್ಲದಿದ್ದಾಗ, ಕುದುರೆಯ ಮೇಲೆ ಟಪಾಲು ಸಾಗಿಸುತ್ತಿದ್ದ ಸವಾರರು ಇದ್ದರು. ಅವರ ಹಾಗೇ ಬಟ್ಟೆ ತೊಟ್ಟು, ಅವರ ಹಾಗೇ ಮೂಟೆ ಕಟ್ಟಿ, ಅದೇ ದಾರಿಯಲ್ಲಿ ವರ್ಷಕ್ಕೊಮ್ಮೆ ಮೂರು ದಿನ ಹೋಗಿಬರುವ ಹನ್ನೊಂದು ಜನರ ಸಂಘ ಇದು. ಆ ಕಾಲದಲ್ಲಿ ಇಲ್ಲದ ಯಾವ ವಸ್ತುವೂ ಮೂಟೆಯಲ್ಲಿ ಇರಬಾರದು ಎನ್ನುವುದು ಮೊದಲಿನಿಂದಲೂ ಇದ್ದ ನಿಯಮ. ಆದರೆ ಬೇಕರಿಯವನ ಕಾಲುಚೀಲದೊಳಗೆ ಟಾರ್ಚ್ ಇರುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಈ ವರ್ಷ, ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಅಧ್ಯಕ್ಷರಾದರು. ಆದದ್ದೇ ತಡ, ಎರಡು ಪುಟದ ಅರ್ಜಿ ಅಚ್ಚಾಯಿತು. ಹೊರಡುವ ಹಿಂದಿನ ದಿನ ಕುದುರೆ ಲಾಯದ ಮೇವಿನ ಕೋಣೆಯಲ್ಲಿ ಉದ್ದನೆಯ ಮೇಜು ಹಾಕಿ, ಒಬ್ಬೊಬ್ಬರೂ ತಮ್ಮ ಸಾಮಾನು ಹರಡಿ ತೋರಿಸಬೇಕು ಎಂದಾಯಿತು.

ಜೀನಕ್ಕನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಖುಷಿಯೇ ಆಗಿತ್ತು. ನಾಲ್ಕು ತಿಂಗಳು, ಅಂಗಡಿ ಬಾಗಿಲು ಹಾಕಿದ ಮೇಲೆ ದಿನಕ್ಕೊಂದು ಗಂಟೆ ಕೂತು, ಜೀನಿನ ಎರಡೂ ಬದಿಗೆ ಇಳಿಬಿಡುವ ಜೋಡಿ ಚೀಲ ಹೊಲಿದಿದ್ದಳು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ದಾರಕ್ಕೆ ಜೇನುಮೇಣ, ತೊಗಲಿನಲ್ಲಿ ಒಂದೊಂದೇ ತೂತು. ಅಪ್ಪ ಕಲಿಸಿದ ರೀತಿ. ಅದರೊಳಗೆ ಏನೇನು ಹೋಗಬೇಕು ಎನ್ನುವುದನ್ನೂ ಅಷ್ಟೇ ಮುತುವರ್ಜಿಯಿಂದ ಆರಿಸಿದ್ದಳು: ಚಕಮಕಿ ಕಲ್ಲು, ಅದರ ಜೊತೆಗೆ ಮೇಣದ ಬಟ್ಟೆಯಲ್ಲಿ ಸುತ್ತಿದ ಒಣ ನಾರು, ಕಲಾಯಿ ಮಾಡಿಸಿದ ತಾಮ್ರದ ಪಾತ್ರೆ, ಕೊಂಬಿನ ಲೋಟ, ಸೆಣಬಿನ ಹಗ್ಗ, ಕುದುರೆ ಕಟ್ಟುವ ಕಬ್ಬಿಣದ ಗೂಟ, ಗೊರಸಿನ ಮಣ್ಣು ಕೆರೆಯುವ ಕೊಕ್ಕೆ, ಒಣಗಿಸಿದ ರೊಟ್ಟಿ, ಉಪ್ಪು, ಒಂದು ತುಂಡು ಸಾಬೂನು. ಇಷ್ಟನ್ನೂ ಅಂಗಡಿಯ ತಕ್ಕಡಿಯಲ್ಲಿಟ್ಟು, ಎಡಗಡೆಯ ಚೀಲ ಬಲಗಡೆಯದಕ್ಕಿಂತ ಒಂದು ಹಿಡಿ ಉಪ್ಪಿನಷ್ಟೂ ಹೆಚ್ಚಾಗದ ಹಾಗೆ ಹಂಚಿದ್ದಳು. ಭಾರದ್ದು ಸವಾರನ ಮೊಣಕಾಲಿನ ಹತ್ತಿರ, ಮೆತ್ತಗಿನದು ಕುದುರೆಯ ಮೈಗೆ ತಾಗುವ ಕಡೆ. ಚೀಲ ಒಂದು ಕಡೆ ಎಳೆದರೆ ಜೀನು ವಾಲುತ್ತದೆ, ಜೀನು ವಾಲಿದರೆ ಕುದುರೆಯ ಬೆನ್ನು ಕೆಡುತ್ತದೆ. ಮೂರು ದಿನ ತನ್ನನ್ನು ಹೊರುವ ಪ್ರಾಣಿಗೆ ಅಷ್ಟಾದರೂ ಮಾಡದಿದ್ದರೆ ಹೇಗೆ?

"ಮೇಷ್ಟ್ರೇ, ಒಂದು ಕೆಲಸ ಮಾಡೋಣ," ಎಂದಳು ಈಗ, ದನಿ ಏರದ ಹಾಗೆ ನೋಡಿಕೊಂಡು. "ಸೂಜಿ ದಾರ ನನ್ನ ಹತ್ರನೇ ಇದೆ. ಒಂದು ಗೇಣು ಬಿಚ್ಚಿ, ನಿಮ್ಮ ಕಣ್ಣೆದುರಿಗೇ ಹೊಲಿದು ತೋರಿಸ್ತೀನಿ."

"ಹಾಗೆ ಒಬ್ಬೊಬ್ಬರಿಗೂ ಪರೀಕ್ಷೆ ಮಾಡ್ತಾ ಕೂತ್ರೆ ಮುಗಿದ ಹಾಗೇ. ನಿಯಮ ಅಂದ್ರೆ ನಿಯಮ. ಮುಂದಿನವರು ಬನ್ನಿ."

ಮುಂದಿನವನು ಬೇಕರಿಯವನು. ಅವನ ಚೀಲವನ್ನು ಮೇಷ್ಟ್ರು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹೊಲಿಗೆ ಹಾವು ಹರಿದ ಹಾಗಿತ್ತು, ಒಂದು ಮೂಲೆಯಲ್ಲಿ ದಾರ ಗಂಟು ಗಂಟಾಗಿತ್ತು. "ನೋಡಿ ಇದನ್ನ! ಇದು ಕೈಕೆಲಸ. ಇದರಲ್ಲಿ ಜೀವ ಇದೆ," ಎಂದರು.

ಜೀನಕ್ಕನ ಮೈಯೆಲ್ಲ ಉರಿದುಹೋಯಿತು. ಆ ಚೀಲ ಹೊಲಿದವನು ಅವಳ ತಮ್ಮ. ಲಾಳ ಕಟ್ಟುವುದು ಅವನ ಕಸುಬು, ಹೊಲಿಗೆಯಲ್ಲ. ಬೇಕರಿಯವನು ಕೊನೇ ಗಳಿಗೆಯಲ್ಲಿ ಓಡಿಬಂದಾಗ, ಅಕ್ಕನಿಗೆ ಪುರುಸೊತ್ತಿಲ್ಲವೆಂದು, ಕುದುರೆ ಒದ್ದು ಊದಿಕೊಂಡಿದ್ದ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಹೇಗೋ ಹೊಲಿದುಕೊಟ್ಟಿದ್ದ. ಬೇಕರಿಯವನಿಗೆ ಅದು ಗೊತ್ತು. ಅವನು ಜೀನಕ್ಕನ ಮುಖ ನೋಡಲಿಲ್ಲ. ನೆಲದ ಮೇಲಿದ್ದ ಹುಲ್ಲುಕಡ್ಡಿಗಳನ್ನು ಎಣಿಸುವವನ ಹಾಗೆ ನಿಂತ. ಉಳಿದ ಎಂಟು ಜನರಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅವರಲ್ಲಿ ಅರ್ಧ ಜನರ ಲಗಾಮು ಹೊಲಿದಿದ್ದು ಅವಳೇ.

ಮನೆಗೆ ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ಬಿಡಕ್ಕ," ಎಂದ ತಮ್ಮ ಎಲ್ಲ ಕೇಳಿಸಿಕೊಂಡು. "ಒಂದು ರೀತೀಲಿ ಹೊಗಳಿಕೆನೇ ಅಲ್ವಾ? ಮಿಷಿನ್ ಹಾಗೆ ಹೊಲೀತೀಯ ಅಂದ್ರು."

"ನಿನ್ನನ್ನ ಕತ್ತೆ ಹಾಗೆ ದುಡೀತೀಯ ಅಂದ್ರೆ ಹೊಗಳಿಕೆ ಅನ್ಕೋತೀಯೇನೋ?"

"ಹೋಗೋದೇ ಬೇಡ ಹಾಗಾದ್ರೆ."

"ಹೋಗ್ತೀನಿ. ಯಾಕೆ ಹೋಗ್ಬಾರ್ದು? ಆ ದಾರಿ ಏನು ಅವರಪ್ಪಂದಾ?"

ಸಾಮಾನನ್ನೆಲ್ಲ ಮತ್ತೆ ತೂಗಿ, ಉಣ್ಣೆಯ ಕಂಬಳಿಯೊಳಗೆ ಉದ್ದಕ್ಕೆ ಸುತ್ತಿ, ಮೂರು ಕಡೆ ಹಗ್ಗ ಬಿಗಿದಳು. ಕಂಬಳಿಯ ಸುರುಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಲಾಯದ ಅಂಗಳದಲ್ಲಿ ಮಣ್ಣಿ ಎಂಬ ತನ್ನ ಹೆಣ್ಣುಕುದುರೆಗೆ ಪಟ್ಟಿ ಬಿಗಿಯುತ್ತಿದ್ದಾಗ, ಪಕ್ಕದಲ್ಲಿ ಮೇಷ್ಟ್ರ ಕುದುರೆ ಅವಳ ಕಣ್ಣಿಗೆ ಬಿತ್ತು. ಅದು ಲಾಯದ ಒಡತಿಯಿಂದ ಬಾಡಿಗೆಗೆ ತಂದ ಬೂದು ಬಣ್ಣದ ಗಂಡು, ಹದಿನೇಳು ವರ್ಷದ್ದು, ಮಕ್ಕಳನ್ನು ಹೊತ್ತು ಅಭ್ಯಾಸವಾದ ಸಾಧು ಪ್ರಾಣಿ. ಅದರ ಮೇಲೆ ಮೇಷ್ಟ್ರು ಹರಾಜಿನಲ್ಲಿ ಕೊಂಡ ಹಳೇ ಜೀನು ಇತ್ತು. ತೊಗಲು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅದು ಕೂತಿದ್ದ ಭಂಗಿ ಮಾತ್ರ ಜೀನಕ್ಕನಿಗೆ ಸರಿಬರಲಿಲ್ಲ. ಹತ್ತಿರ ಹೋಗಿ ಅಡಿಯಲ್ಲಿ ಕೈ ತೂರಿಸಿದಳು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ದಿಬ್ಬದ ಮೇಲೆ ಎರಡು ಬೆರಳಿಗೂ ಜಾಗವಿಲ್ಲ. ಜೀನಿನ ಮುಂಭಾಗವನ್ನು ಹಿಡಿದು ಒತ್ತಿದಾಗ ಒಳಗಿನ ಮರದ ಚೌಕಟ್ಟು 'ಕಿರ್' ಎಂದಿತು.

"ಮೇಷ್ಟ್ರೇ, ಒಳಗೆ ಮರ ಸೀಳಿದೆ. ಇದನ್ನ ಹಾಕ್ಬೇಡಿ. ನಿಮ್ಮ ಭಾರ ಬಿದ್ರೆ ಬೆನ್ನಿಗೆ ಕಚ್ಚುತ್ತೆ."

"ಇದು ಅಸಲಿ ಜೀನು ಕಣಮ್ಮ. ಟಪಾಲು ಸವಾರ ಕೂತಿದ್ದ ಜೀನು. ಇಡೀ ಸಂಘದಲ್ಲಿ ಅಸಲಿ ಅಂತ ಇರೋದು ಇದೊಂದೇ."

"ಅಸಲಿನೇ ಇರ್ಲಿ, ಮುರಿದಿದೆಯಲ್ಲ!"

"ನಿನ್ನೆ ವಿಷಯ ಮನಸ್ಸಲ್ಲಿ ಇಟ್ಕೊಂಡಿದೀರಿ," ಎಂದು ಮೇಷ್ಟ್ರು ಎಲ್ಲರಿಗೂ ಕೇಳುವ ಹಾಗೆ ನಕ್ಕರು. "ನೀವು ಮಿಷಿನ್ ನೋಡ್ಕೊಳ್ಳಿ. ಇತಿಹಾಸ ನನಗೆ ಬಿಡಿ."

ಮೂರು ನಾಲ್ಕು ಜನ ನಕ್ಕರು. ಜೀನಕ್ಕನ ಕಿವಿ ಕೆಂಪಗಾದವು. ಆಗ ಅವಳು ಆ ಬೂದುಕುದುರೆಯ ಲಗಾಮು ಹಿಡಿದು ಅಡ್ಡ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವಮಾನದಲ್ಲಿ ಹಲ್ಲು ಕಚ್ಚಿಕೊಂಡು, ಹಾಳಾಗಿ ಹೋಗಿ ಎಂದುಕೊಂಡು ಮಣ್ಣಿಯನ್ನೇರಿದಳು.

ಮಧ್ಯಾಹ್ನದವರೆಗೆ ಏರುದಾರಿ. ಬೂದುಕುದುರೆ ಮೊದಲು ಬಾಲ ಬಡಿಯಿತು, ಆಮೇಲೆ ತಲೆ ಮೇಲೆತ್ತಿ ಬೆನ್ನನ್ನು ಕೆಳಕ್ಕೆ ಜಗ್ಗಿಕೊಂಡು ನಡೆಯತೊಡಗಿತು. ಜೀನಕ್ಕ ಎರಡು ಸಲ ಕೂಗಿ ಹೇಳಿದಳು. ಮೇಷ್ಟ್ರು ಎರಡು ಸಲವೂ ಕೈ ಬೀಸಿದರು, ನೊಣ ಓಡಿಸುವ ಹಾಗೆ. ಬಿಸಿಲು ಇಳಿಯುವ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಬಿಡಾರ ಹೂಡಿದರು. ಜೀನು ಇಳಿಸಿದಾಗ ಅದರಡಿಯ ಕಂಬಳಿ ಬೆನ್ನಿಗೆ ಅಂಟಿಕೊಂಡಿತ್ತು. ನಿಧಾನವಾಗಿ ಬಿಡಿಸಿದರೆ, ದಿಬ್ಬದ ಎರಡೂ ಕಡೆ ಅಂಗೈಯಗಲ ಊತ. ಎಡಗಡೆ ಚರ್ಮ ಕಿತ್ತು ಹಸಿಗಾಯ. ಕುದುರೆ ಕದಲಲಿಲ್ಲ, ಚರ್ಮ ಮಾತ್ರ ಅಲೆಅಲೆಯಾಗಿ ನಡುಗುತ್ತಿತ್ತು.

ಎಲ್ಲರೂ ಸುತ್ತ ನಿಂತರು. ಮೇಷ್ಟ್ರು ಬಗ್ಗಿ ನೋಡಿ, "ಕಂಬಳಿಗೆ ಆ ಜಾಗದಲ್ಲಿ ತೂತು ಮಾಡಿದ್ರೆ ಆಯ್ತು. ನಾಳೆ ನಿಧಾನಕ್ಕೆ ಹೋಗೋಣ," ಎಂದರು. ಎಲ್ಲರ ಕಣ್ಣೂ ಗಾಯದ ಮೇಲೇ ಇದ್ದುದನ್ನು ನೋಡಿ, "ಆಗಿನ ಟಪಾಲು ಕುದುರೆಗಳಿಗೂ ಹೀಗೇ ಗಾಯ ಆಗ್ತಿತ್ತು. ದಾಖಲೆ ಇದೆ. ಒಂದು ಲೆಕ್ಕದಲ್ಲಿ ಇದೂ ಅಸಲಿನೇ," ಎಂದು ಸೇರಿಸಿದರು.

ಜೀನಕ್ಕನ ಕೈಯಲ್ಲಿದ್ದ ನೀರಿನ ಪಾತ್ರೆ ನೆಲಕ್ಕೆ ಬಿತ್ತು.

"ಅಸಲಿನಾ?" ಎಂದಳು. "ಹಾಗಾದ್ರೆ ಮೂಗಿನ ಮೇಲಿರೋ ಕನ್ನಡಕ ತೆಗೀರಿ, ನೋಡೋಣ. ಕಿವೀಲಿರೋ ಮಿಷಿನ್ ಕಿತ್ತು ಹಳ್ಳಕ್ಕೆ ಎಸೀರಿ. ಬೆಳಿಗ್ಗೆ ನುಂಗಿದ ರಕ್ತದೊತ್ತಡದ ಮಾತ್ರೆ ಯಾವ ಕಾಲದ್ದು? ನಿಮಗೆ ನೋವಾದ್ರೆ ಈ ಕಾಲ, ಈ ಮೂಕಪ್ರಾಣಿಗೆ ನೋವಾದ್ರೆ ಆ ಕಾಲನಾ?"

"ನೀವು ಸ್ವಲ್ಪ ಮರ್ಯಾದೆಯಿಂದ..."

"ನಮ್ಮಪ್ಪ ಅವರಪ್ಪನಿಂದ ಕೇಳಿದ್ದು ಹೇಳ್ತೀನಿ, ಅದನ್ನೂ ಬರ್ಕೊಳ್ಳಿ ನಿಮ್ಮ ದಾಖಲೇಲಿ. ಕುದುರೆ ಬೆನ್ನು ಕೆಡಿಸಿದ ಸವಾರ ಜೀನನ್ನ ತನ್ನ ತಲೆ ಮೇಲೆ ಹೊತ್ಕೊಂಡು ಮುಂದಿನ ಟಪಾಲು ಠಾಣೆವರೆಗೆ ನಡೀಬೇಕಿತ್ತು. ಎಲ್ಲರೂ ನೋಡ್ತಿದ್ರು. ಹೊತ್ಕೊಳ್ಳಿ ನೀವೂ!"

ಆಗ ಬೇಕರಿಯವನು ಕೆಮ್ಮಿದ. "ಮೇಷ್ಟ್ರೇ, ಒಂದು ಮಾತು. ನನ್ನ ಚೀಲ ಹೊಲಿದಿದ್ದು ಜೀನಕ್ಕನ ತಮ್ಮ. ಇವರ ಹೊಲಿಗೆ ಕೈಯಿಂದಲೇ ಆಗಿದ್ದು. ನಾನೇ ಕಣ್ಣಾರೆ ನೋಡಿದೀನಿ."

"ನಿನ್ನೆ ಎಲ್ಲಿ ಹೋಗಿತ್ತೋ ನಿನ್ನ ನಾಲಿಗೆ?" ಎಂದು ಜೀನಕ್ಕ ಅವನ ಮೇಲೂ ಹರಿಹಾಯ್ದಳು. "ನೀನು ಬಾಯಿ ಬಿಟ್ಟಿದ್ರೆ ಬೆಳಿಗ್ಗೆ ನನ್ನ ಮಾತಿಗೂ ಒಂದು ತೂಕ ಇರ್ತಿತ್ತು. ಈಗ ಯಾರಿಗೆ ಬೇಕು ನಿನ್ನ ಸಾಕ್ಷಿ?"

ಹಳ್ಳದ ನೀರು ಕಾಯಿಸಿ, ಆರಿಸಿ, ಉಪ್ಪು ಹಾಕಿ ಗಾಯ ತೊಳೆದಳು. ಬೆಳಕು ಹರಿಯುತ್ತಲೇ ಕಂಬಳಿ ಸುತ್ತಿ ಮಣ್ಣಿಯ ಮೇಲೆ ಕಟ್ಟಿ, ಬೂದುಕುದುರೆಯ ಹಗ್ಗ ಕೈಗೆ ತೆಗೆದುಕೊಂಡಳು. ಮೇಷ್ಟ್ರು ಎದುರಿಗೆ ಬಂದು ನಿಂತರು. ಕ್ಷಮೆ ಕೇಳುತ್ತಾರೇನೋ ಎಂದು ಅವಳು ಒಂದು ಗಳಿಗೆ ಕಾದಳು.

"ಹೇಗೂ ನೀವು ವಾಪಸ್ ಹೋಗ್ತಿದೀರಿ," ಎಂದರು ಅವರು. "ನಿಮ್ಮ ಕುದುರೆ ನನಗೆ ಬಿಟ್ಟುಹೋಗಿ. ಅಧ್ಯಕ್ಷನೇ ಇಲ್ಲದೆ ಸವಾರಿ ಮುಗಿಸೋದು ಚೆನ್ನಾಗಿರಲ್ಲ."

ಜೀನಕ್ಕ ಅವರನ್ನು ಬಳಸಿ ಮುಂದೆ ನಡೆದಳು.

ಬೂದುಕುದುರೆಯ ನಡಿಗೆಗೆ ತಕ್ಕಂತೆ ಹೆಜ್ಜೆಯಿಡುತ್ತ, ಮಣ್ಣಿಯನ್ನೂ ಏರದೆ, ಇಡೀ ಇಳಿಜಾರು ನಡೆದೇ ಬಂದಳು. ನೂರು ಮಾರು ಹಿಂದೆ ಬೇಕರಿಯವನು ತನ್ನ ಕುದುರೆ ಹಿಡಿದುಕೊಂಡು ಬರುತ್ತಿದ್ದ. ಅವಳು ಕರೆಯಲಿಲ್ಲ, ಬೇಡ ಎನ್ನಲೂ ಇಲ್ಲ. ದಾರಿಯಲ್ಲಿ ಒಮ್ಮೆ ಅವನು ಮುಂದೆ ಬಂದು ರೊಟ್ಟಿ ಚಾಚಿದಾಗ ತೆಗೆದುಕೊಂಡಳು.

ಲಾಯದ ಒಡತಿ ಬೆನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟಳು. ಪಶುವೈದ್ಯೆ ಬಂದು ಕೀವಾಗದ ಹಾಗೆ ಔಷಧಿ ಕೊಟ್ಟು, ಏಳೆಂಟು ವಾರ ಬೆನ್ನಿನ ಮೇಲೆ ಒಂದು ಬಟ್ಟೆಯನ್ನೂ ಹಾಕಕೂಡದು ಎಂದಳು.

ಮೇಷ್ಟ್ರು ಉಳಿದೆರಡು ದಿನವೂ ನಡೆದೇ ದಾರಿ ಮುಗಿಸಿದರಂತೆ, ಕಾಲಲ್ಲಿ ಬೊಬ್ಬೆ ಎದ್ದರೂ ಮತ್ತೆ ಯಾರ ಕುದುರೆಯನ್ನೂ ಕೇಳಲಿಲ್ಲವಂತೆ. ಅಷ್ಟರ ಮಟ್ಟಿಗೆ ಒಪ್ಪಬೇಕು. ಆದರೆ ಸಂಘದ ವರದಿಯಲ್ಲಿ ಅವರು ಬರೆದದ್ದು: 'ಸಣ್ಣ ಅಡಚಣೆಯಿಂದ ಒಂದು ಕುದುರೆಯನ್ನು ಹಿಂದಕ್ಕೆ ಕಳಿಸಲಾಯಿತು.' ಅದನ್ನು ಓದಿದ ದಿನ ಜೀನಕ್ಕ ಕೂತು ಸಂಘಕ್ಕೆ ಮೂರು ಪುಟದ ಕಾಗದ ಬರೆದಳು. ಉತ್ತರ ಬರಲಿಲ್ಲ. ಅದರ ನಕಲನ್ನು ಲಾಯದ ಒಡತಿ ಬಾಗಿಲಿಗೆ ಅಂಟಿಸಿ, ಜೀನಕ್ಕ ಕೈಯಿಟ್ಟು ನೋಡದ ಜೀನನ್ನು ತನ್ನ ಯಾವ ಕುದುರೆಗೂ ಹಾಕುವಂತಿಲ್ಲ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಳು. ನಾಲ್ಕು ಜನ ಸಂಘ ಬಿಟ್ಟರು.

ದಿನ ಬಿಟ್ಟು ದಿನ ಜೀನಕ್ಕ ಗಾಯ ತೊಳೆಯಲು ಹೋಗುತ್ತಿದ್ದಳು. ಎರಡನೇ ತಿಂಗಳಿಗೆ ಚರ್ಮ ಕೂಡಿತು, ಅಲ್ಲಿ ಹುಟ್ಟಿದ ಕೂದಲು ಅಚ್ಚ ಬಿಳಿ. "ಇನ್ನು ಮುಂದೆ ಹೀಗೇ ಇರುತ್ತೆ," ಎಂದಳು ಪಶುವೈದ್ಯೆ. ಆ ಮಚ್ಚೆಯ ಮೇಲೆ ಜೀನಕ್ಕ ಕೈಯಿಟ್ಟಳು. ಕುದುರೆ ಈ ಸಲ ನಡುಗಲಿಲ್ಲ. ಮೇಷ್ಟ್ರ ಮೇಲಿನ ಸಿಟ್ಟು ಅಲ್ಲೇ ಇತ್ತು. ಆ ಬೆಳಿಗ್ಗೆ ಅಂಗಳದಲ್ಲಿ ಸುಮ್ಮನೆ ಮಣ್ಣಿಯನ್ನೇರಿದ ತನ್ನ ಮೇಲಿನ ಸಿಟ್ಟು ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು. ಹಗ್ಗ ಬಿಚ್ಚಿ, ಬರಿಬೆನ್ನಿನ ಕುದುರೆಯನ್ನು ಹುಲ್ಲುಗಾವಲಿಗೆ ನಡೆಸಿಕೊಂಡು ಹೋದಳು.