ಅತ್ತೆಯ ಮನೆಯ ಅರೆಯುವ ಕಲ್ಲು

ಕವೀಟಾ ಊರಿನ ಕಡಲ ದಂಡೆಯ ಹೋಟೆಲಿನಲ್ಲಿ ಪ್ರವಾಸಿಗರ ಹಾಸಿಗೆ ಕೊಡವಿ ಕೊಡವಿ ಯಾದೀರಾಳಿಗೆ ಸಾಕಾಗಿಹೋಗಿತ್ತು. ಮರಳು ಬೇಕು ಅಂತ ದುಡ್ಡು ಸುರಿದು ಬರುತ್ತಾರೆ, ಹಾಸಿಗೆಯಲ್ಲಿ ಒಂದು ಚಿಟಿಕೆ ಮರಳಿದ್ದರೆ ಕೂಗಾಡುತ್ತಾರೆ. ಗೋಡೆಯ ಮೇಲೆ ತೂಗುಹಾಕಿದ ಬಿಲ್ಲುಬಾಣ ತೋರಿಸಿ ಮಾಲೀಕ, "ಇಲ್ಲಿನ ಮೂಲ ಜನರದು" ಅನ್ನುತ್ತಿದ್ದ. ಆ ಜನರ ಮಗಳು ಅದರ ಕೆಳಗೇ ಕಸ ಗುಡಿಸುತ್ತಿದ್ದಳು.

ಅವಳಪ್ಪ ಆ ಮೂಲ ಜನದವನು, ಮೇಲಿನ ಕಾಡಿನ ಬ್ರಿಬ್ರಿ. ಅಮ್ಮ ಕಡಲ ಕಡೆಯ ಕರಿಯ ಜನರ ಹೆಣ್ಣು. ಅಪ್ಪ ಸಾಯುವವರೆಗೆ ಯಾದೀರಾ ಬೆಳೆದದ್ದು ಅಲ್ಲೇ ಮೇಲೆ, ಹೊಳೆದಂಡೆಯ ಅಜ್ಜಿಯ, ಅಪ್ಪನ ಅಮ್ಮನ, ಮನೆಯಲ್ಲಿ. ಆಮೇಲೆ ಅಮ್ಮ ಮಕ್ಕಳನ್ನು ಕೆಳಗೆ ಕರೆತಂದಳು. ಅಲೆ ಮೊರೆಯುವ ರಾತ್ರಿಗಳಲ್ಲೂ ಯಾದೀರಾಳ ಕಿವಿ ಹೊಳೆಯ ಸದ್ದನ್ನೇ ಹುಡುಕುತ್ತಿತ್ತು. ಈಗ ಅಜ್ಜಿ ಇಲ್ಲ. ಮನೆ ಸೋದರತ್ತೆ ಫೌಸ್ಟಿನಾಳದು. ಅದರ ಪಕ್ಕದಲ್ಲಿ ಒಂದು ಗುಡಿಸಲಿಗೆ ಜಾಗ ಕೇಳೋಣ ಅಂತ ಯಾದೀರಾ ಹೊರಟಳು. ತಮ್ಮ ಡೆನ್ಸಿಲ್ ದೋಣಿ ಸವಾರಿಯ ಆಸೆಗೆ ಅವಳ ಬೆನ್ನು ಹತ್ತಿದ.

ದೋಣಿಯ ಮುದುಕ ನಾಸಾರಿಯೊ ಗಳ ಊರಿ ಊರಿ ಪ್ರವಾಹಕ್ಕೆ ಎದುರಾಗಿ ನಡೆಸಿದ. ಅತ್ತೆಯ ಮನೆಗೆ ಮುಟ್ಟಿದ್ದೇ, "ಕೋಕೊ ಕುಡಿಯದೆ ನಾನು ಹೋಗೋನಲ್ಲ" ಅಂತ ಅವನೂ ಒಳಗೆ ಬಂದು ಕೂತ.

ಅಜ್ಜಿ ಅರೆಯುತ್ತಿದ್ದ ಹಾಸುಗಲ್ಲು ಅದೇ ಮೂಲೆಯಲ್ಲಿತ್ತು. ಯಾದೀರಾ ಯಾರನ್ನೂ ಕೇಳಲಿಲ್ಲ. ಹುರಿದ ಕೋಕೊ ಬೀಜ ಹರವಿ, ದುಂಡುಕಲ್ಲನ್ನು ಆ ಕಡೆ ಈ ಕಡೆ ತೂಗಿ ಅರೆದಳು. ಕೈ ಒಂದನ್ನೂ ಮರೆತಿರಲಿಲ್ಲ. ಬಿಸಿನೀರಲ್ಲಿ ಕದಡಿ ಸೋರೆಬುರುಡೆಯಲ್ಲಿ ಕೊಟ್ಟಳು.

ಮುದುಕ ಒಂದು ಗುಟುಕು ಎಳೆದು ಕಣ್ಣರಳಿಸಿದ. "ಅಬ್ಬಾ! ಸತ್ತ ಮುದುಕಿ ಎದ್ದು ಬಂದು ಅರೆದ ಹಂಗಿದೆಯಲ್ಲೇ! ಯಾವ ಕುಲದವಳಮ್ಮ ನೀನು?"

ಅತ್ತೆ ಒಲೆಯ ಕಡೆ ತಿರುಗಿದಳು.

"ನನಗೆ ಕುಲ ಇಲ್ಲ ತಾತ. ಅಮ್ಮ ಕಡಲ ಕಡೆಯವಳು."

"ಹಂಗಾ," ಅಂದ ಮುದುಕ. ಮತ್ತೆ ಬುರುಡೆಯೊಳಗೇ ನೋಡಿದ.

ಯಾದೀರಾ ಆಗಲೇ ಕೇಳಿಬಿಟ್ಟಳು. "ಅತ್ತೆ, ಆ ಬಾಳೆಗಿಡಗಳ ಹಿಂದೆ ನನಗೊಂದಿಷ್ಟು ಜಾಗ ಕೊಡು."

"ಜಾಗ ನಂದಲ್ಲ ಮಗಳೇ, ಕುಲದ್ದು. ಕುಲವೂ ಜಾಗವೂ ಅಮ್ಮನಿಂದ ಮಗಳಿಗೆ ಬರೋದು. ನಿಮ್ಮಪ್ಪ ಇಲ್ಲಿದ್ದಿದ್ದೂ ನಮ್ಮಮ್ಮನ ಮಗ ಅಂತಲೇ. ನಾಲ್ಕು ದಿನ ಇರು, ನಾಲ್ಕು ತಿಂಗಳು ಇರು, ಬೇಡ ಅಂದವರ್ಯಾರು? ಆದ್ರೆ ಕಂಬ ನೆಡಬೇಡ."

"ಅಲ್ಲಿ ಕಾಡಿನವಳು ಅಂತಾರೆ, ಇಲ್ಲಿ ಕಡಲಿನವಳು ಅಂತೀರ. ನಡುವೆ ಹೊಳೆಯಲ್ಲಿ ಬಿದ್ದು ಸಾಯಲಾ?"

"ಹಂಗೆಲ್ಲ ಅನ್ನಬಾರದು ಕಣೇ," ಅಂದಳು ಅತ್ತೆ. ಮಾತು ತಿರುಗಿಸಲು ಡೆನ್ಸಿಲ್‌ನ ಬೆನ್ನಿಗೊಂದು ಗುದ್ದಿದಳು. "ಇವನಿಗೇನು, ಗಂಡಸು! ಆಚೆ ದಡದ ಹುಡುಗಿ ನಿಲ್ದಾಳನ್ನ ಕಟ್ಟಿಕೊಂಡ್ರೆ ಅವಳ ಮನೆಗೆ ಹೋಗ್ತಾನೆ. ಮಕ್ಕಳು ಅವಳ ಕುಲ. ದೋಣಿ ಇಳಿಯೋವಾಗ ದಡದಲ್ಲಿ ಅವಳನ್ನ ಹೆಂಗೆ ನೋಡ್ತಿದ್ದ ಅಂತ ನಾನು ಕಂಡಿಲ್ವಾ?"

ಡೆನ್ಸಿಲ್ ಹಲ್ಲು ಕಿರಿದ. ಈ ಮನೆಯ ಸೂರನ್ನು ಒಂದು ದಿನವೂ ನೆನೆಯದವನು! ಕೋಕೊ ಕಹಿ ಅಂತ ಆಗಷ್ಟೇ ಮುಖ ಕಿವಿಚಿದವನು! ಅವನಿಗೆ ಬಾಗಿಲು ತೆರೆದಿದೆ. ಯಾದೀರಾಳಿಗೆ ದುಂಡುಕಲ್ಲನ್ನೆತ್ತಿ ಹೊಳೆಗೆ ಎಸೆಯಬೇಕು ಅನ್ನಿಸಿತು. ಎತ್ತಿಯೂ ಎತ್ತಿದಳು. ಅಜ್ಜಿಯ ಕೈ ಸವೆಸಿದ ಜಾಗ ಅವಳ ಅಂಗೈಗೆ ಸರಿಯಾಗಿ ಕೂತಿತು. ತೊಳೆದು, ಒರೆಸಿ, ಇದ್ದಲ್ಲೇ ಇಟ್ಟಳು.

ಮಾರನೆಯ ಬೆಳಿಗ್ಗೆ ಅವಳು ಹೊರಟಾಗ ಡೆನ್ಸಿಲ್ ದಡದಲ್ಲೇ ನಿಂತ. "ಅಕ್ಕಾ, ನಾನು ಇನ್ನೊಂದೆರಡು ದಿನ..." ಅಂತ ತಲೆ ಕೆರೆದುಕೊಂಡ.

"ಇರೋ ಕತ್ತೆ, ಇರು," ಅಂದಳು ಯಾದೀರಾ ದೋಣಿಯಿಂದ. "ಅವಳನ್ನೇ ಮದುವೆ ಆಗು. ಮಗಳು ಹುಟ್ಟಿದ್ರೆ ನನ್ನ ಕರೆಸು. ಅರೆಯೋದು ನಾನೇ ಕಲಿಸ್ತೀನಿ. ಬೇರೆ ಯಾರಾದ್ರೂ ಕಲಿಸಿದ್ರೆ ನಿನ್ನ ಕಾಲು ಮುರೀತೀನಿ."

ದೋಣಿ ಕಡಲ ಕಡೆ ಜಾರಿತು. ನೀರು ಕೈಗೆಟಕುವಷ್ಟು ಹತ್ತಿರ ಹರಿಯುತ್ತಿತ್ತು. ಯಾದೀರಾ ಮಾತ್ರ ಕೈ ಅದ್ದಲಿಲ್ಲ. ಅಂಗೈಯಲ್ಲಿ ಇನ್ನೂ ಕೋಕೊದ ವಾಸನೆಯಿತ್ತು.