ಹನ್ನೊಂದು ನಿಮಿಷ

“ಲೇ ವಹಾಬ, ಯಾವ ಮೊಖ ಇಟ್ಕಂಡು ಬಂದ್ಯಲಾ? ಎಂಟು ವರ್ಸದಿಂದ ಸಿದ್ದರಾಮು ಸತ್ನೋ ಬದುಕವ್ನೋ ಅಂತ ಕೇಳ್ದೋನಲ್ಲ, ಈಗ ಮಣ್ಣಾಕಕೆ ಬಂದ್ಬುಟ್ಟೆ!”

ತಮ್ಮನ ಹೆಣದ ಮುಂದೆಯೇ ನಿಂಗಯ್ಯ ವಹಾಬನ ಕೊರಳಪಟ್ಟಿಗೆ ಕೈ ಹಾಕಿದ. ಮಳವಳ್ಳಿಯ ಸೈಕಲ್ ಅಂಗಡಿ ಮುಚ್ಚಿ, ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದಿದ್ದ ವಹಾಬ ಬಿಡಿಸಿಕೊಳ್ಳಲಿಲ್ಲ.

“ಒಡಿ ನಿಂಗಣ್ಣ. ಒಡ್ದಾದ್ಮೇಲೆ ಒಂದಿಡಿ ಮಣ್ಣಾಕಕೆ ಬುಡು.”

“ಚೆಸ್ಸಲ್ಲಿ ಗೆದ್ದ ಕಪ್ಪೈತಲ್ಲ ನಿನ್ ಮನೇಲಿ, ಅದ್ಕಾಕೋಗು ಮಣ್ಣ!”

“ಬುಡಿ ಬಾವ,” ಎಂದಳು ಸಿದ್ದರಾಮುವಿನ ಹೆಂಡತಿ ದೇವಿರಮ್ಮ, ಕುಳಿತಲ್ಲಿಂದಲೇ. “ಅವ್ರೂ ಆಕ್ಲಿ.”

*

ಲೈನ್‌ಮನ್ ಸಿದ್ದರಾಮುವಿಗೆ ಚೆಸ್ ಕಲಿಸಿದವನೇ ವಹಾಬ. ಅಂಗಡಿಯ ಬೆಂಚಿನ ಮೇಲೆ ಇಪ್ಪತ್ತು ವರ್ಷ, ಪ್ರತಿ ಭಾನುವಾರ. ಆ ಬೆಂಚಿಗೆ ಅದರದೇ ಕಾನೂನು: ರಾಜ ಆಟಕ್ಕೊಂದು ಸಲ ಕುದುರೆಯಂತೆ ಹಾರಬಹುದು. ವಹಾಬನ ಅಪ್ಪ ಆಡುತ್ತಿದ್ದುದೇ ಹಾಗೆ. ಅದೊಂದು ನೆಗೆತದ ಧೈರ್ಯದಲ್ಲಿ ಸಿದ್ದರಾಮು ಎರಡನೇ ನಡೆಗೇ ರಾಜನ ಪಕ್ಕದ ಸಿಪಾಯಿಯನ್ನು ಬಲಿಗೆ ಬಿಟ್ಟು ಮೇಲೆ ಬೀಳುತ್ತಿದ್ದ.

“ಕರೆಂಟ್ ಕಂಬ ಅತ್ತೋನ್ಗೆ ಭಯ ಏನ್ಲಾ?” ಎಂದು ನಗುತ್ತಿದ್ದ. ಆ ಆಟಕ್ಕೆ ಸೋತು ಸೋತು ವಹಾಬನ ಹೊಟ್ಟೆ ಉರಿಯುತ್ತಿತ್ತು.

*

ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ ವಹಾಬ ಹಿಂದೆ ಸರಿದಾಗ ದೇವಿರಮ್ಮ ಪಕ್ಕಕ್ಕೆ ಬಂದಳು.

“ಆವತ್ತು ಫೈನಲ್ ದಿನ ಇವ್ರು ಮಂಡ್ಯ ಬಸ್‌ಸ್ಟ್ಯಾಂಡಲ್ಲಿ ಮೂರು ಬಸ್ಸು ಬುಟ್ರಂತೆ ಕಣಣ್ಣ. ‘ಇನ್ನೇನು ವಹಾಬ ಬತ್ತನೆ, ಬೈಕೊಂಡಾದ್ರೂ ಬತ್ತನೆ’ ಅಂತ ಕಾಯ್ಕಂಡು ಕುಂತಿದ್ರಂತೆ.”

“ನಂಗ್ಯಾಕವ್ವ ಯೋಳ್ಲಿಲ್ಲ?”

“ನೀವು ಬಂದಿದ್ರೆ ತಾನೆ ಯೋಳದು?”

*

ಎಂಟು ವರ್ಷದ ಹಿಂದೆ ಮಂಡ್ಯದಲ್ಲಿ ಇಬ್ಬರೂ ಎದುರಾದ ಜಿಲ್ಲಾ ಫೈನಲ್‌ನಲ್ಲೂ ಸಿದ್ದರಾಮು ಅದೇ ಸಿಪಾಯಿಯನ್ನು ಬಿಟ್ಟ. ವಹಾಬನ ಮಂತ್ರಿ ನುಗ್ಗಿ ಬಂದು ರಾಜನಿಗೆ ಚೆಕ್ ಕೊಟ್ಟಿತು. ಬೆಂಚಿನ ಅಭ್ಯಾಸ, ಸಿದ್ದರಾಮು ಯೋಚಿಸದೆ ರಾಜನನ್ನು ಕುದುರೆಯಂತೆ ಹಾರಿಸಿಬಿಟ್ಟ.

ವಹಾಬ ಕೈಯೆತ್ತಿ ತೀರ್ಪುಗಾರರನ್ನು ಕರೆದ.

“ಇಂಥ ನಡೆ ಚೆಸ್‌ನಲ್ಲಿಲ್ಲ. ಮುಟ್ಟಿದ ರಾಜನನ್ನೇ ಬೇರೆ ಮನೆಗೆ ನಡೆಸಿ,” ಎಂದರು ಅವರು.

ಸಿದ್ದರಾಮು ಬೋರ್ಡು ನೋಡಲಿಲ್ಲ, ವಹಾಬನನ್ನು ನೋಡಿದ. “ಕಲ್ಸಿದೋನು ನೀನೇ ಅಲ್ವೇನ್ಲಾ?” ಎಂದ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ.

ಬೋರ್ಡಿನ ಪಕ್ಕದ ಅವನ ಗಡಿಯಾರದಲ್ಲಿ ಇನ್ನೂ ಹನ್ನೊಂದು ನಿಮಿಷವಿತ್ತು; ಅದು ಮುಗಿದರೆ ಆಟ ವಹಾಬನದು. ಬಸ್‌ಸ್ಟ್ಯಾಂಡ್ ಐದೇ ನಿಮಿಷದ ದಾರಿ. ವಹಾಬ ಕುರ್ಚಿ ಬಿಟ್ಟು ಏಳಲಿಲ್ಲ. ಒಮ್ಮೆ ಬಾಗಿಲನ್ನು, ಒಮ್ಮೆ ಗಡಿಯಾರವನ್ನು ನೋಡುತ್ತ, ಅದು ಸೊನ್ನೆಗೆ ಬರುವವರೆಗೂ ಕುಳಿತೇ ಇದ್ದ.